ಕೇಳದೆ ಬರೆದ ‘ಇಲ್ಲ’

ಆಸ್ಪತ್ರೆಯ ನೋಂದಣಿ ಕಿಟಕಿಯಲ್ಲಿ ನಮ್ಮನ್ನು ಏನೇನು ಕೇಳುತ್ತಾರೆ? ಹೆಸರು ಕೇಳುತ್ತಾರೆ. ವಯಸ್ಸು ಕೇಳುತ್ತಾರೆ. ಆಧಾರ್ ಕಾರ್ಡು ಕೇಳುತ್ತಾರೆ. ಸರದಿಯಲ್ಲಿ ಹಿಂದಿನವರು ನೂಕುತ್ತಿರುತ್ತಾರೆ. ಒಳಗಿನವರು ಟಕಟಕ ಒತ್ತುತ್ತಾರೆ, ಚೀಟಿ ಹೊರಗೆ ಬರುತ್ತದೆ, ನಾವು ಅದನ್ನು ಹಿಡಿದುಕೊಂಡು ಹೋಗುತ್ತೇವೆ. ಆ ಕಂಪ್ಯೂಟರಿನಲ್ಲಿ ನಮ್ಮ ಬಗ್ಗೆ ಏನು ಬರೆದರು ಎಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ?

ಖಾನಾಪುರದ ಗೌರವ್ವನೂ ಕೇಳಿರಲಿಲ್ಲ.

ಗೌರವ್ವನಿಗೆ ಐವತ್ತನಾಲ್ಕು ವರ್ಷ. ಸರಕಾರಿ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡುವ ಕೆಲಸ. ಗಂಡ ಸಿದ್ದಪ್ಪ ಹಂಚಿನ ಕಾರ್ಖಾನೆಯಲ್ಲಿ ಭಟ್ಟಿ ನೋಡಿಕೊಳ್ಳುತ್ತಾನೆ. ಎರಡು ವರ್ಷದ ಹಿಂದೆ ಗೌರವ್ವನಿಗೆ ಗಂಟಲು ಬಾತಾಗ ಊರಿನಲ್ಲೇ ಒಂದು ಸೂಜಿ ಹಾಕಿದ್ದರು. ಐದೇ ನಿಮಿಷದಲ್ಲಿ ಮುಖ ಉಬ್ಬಿ, ಉಸಿರು ಕಟ್ಟಿತು. ಅಲ್ಲಿಯ ಡಾಕ್ಟರು ಹೇಗೋ ಉಳಿಸಿಕೊಂಡರು. ಆಮೇಲೆ ಒಂದು ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಆ ಔಷಧದ ಹೆಸರು ಬರೆದು, ಕೆಳಗೆ ಎರಡು ಗೆರೆ ಎಳೆದು ಕೊಟ್ಟರು.

“ಅವ್ವಾ, ಈ ಜಾತಿ ಸೂಜಿ ನಿಮಗ ಆಗಿಬರೂದಿಲ್ಲ. ಇದಕ್ಕ ಅಲರ್ಜಿ ಅಂತಾರ. ಇನ್ನೊಮ್ಮೆ ಯಾರರೆ ಹಾಕಿದ್ರ ಜೀವಕ್ಕ ಬರತೈತಿ. ಎಲ್ಲೆ ಹೋದ್ರೂ ಈ ಕಾರ್ಡ್ ಮೊದಲ ತೋರಸ್ರಿ,” ಎಂದಿದ್ದರು.

ಸಿದ್ದಪ್ಪ ಆ ಕಾರ್ಡನ್ನು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಇಟ್ಟ.

ಈ ವರ್ಷ ಶಾಲೆಯ ದೊಡ್ಡ ಪಾತೇಲಿ ಜಾರಿ ಗೌರವ್ವನ ಕಾಲಿಗೆ ಬಡಿಯಿತು. ಗಾಯ ಸಣ್ಣದು ಎಂದು ಅರಿಶಿನ ಮೆತ್ತಿಕೊಂಡು ಅಡುಗೆ ಮಾಡಿದಳು. ವಾರ ಕಳೆಯುವುದರೊಳಗೆ ಕಾಲು ಮೊಳಕಾಲತನಕ ಕೆಂಪಗೆ ಬಾತು, ಜ್ವರ ಬಂತು. “ಬೆಳಗಾವಿಗೆ ಕರಕೊಂಡ ಹೋಗ್ರಿ, ತಡಾ ಮಾಡಬ್ಯಾಡ್ರಿ” ಎಂದರು ಊರಿನ ಡಾಕ್ಟರು. ಸಿದ್ದಪ್ಪ ಹೆಂಡತಿಯನ್ನು ಟಂಟಂ ರಿಕ್ಷಾದಲ್ಲಿ ಕೂರಿಸಿಕೊಂಡು ಹೊರಟ. ಅವಸರದಲ್ಲಿ ಮೊಬೈಲು ಮನೆಯಲ್ಲೇ ಉಳಿಯಿತು. ಪ್ಲಾಸ್ಟಿಕ್ ಚೀಲ ಮಾತ್ರ ಮರೆಯಲಿಲ್ಲ.

ಬೆಳಗಾವಿಯ ಆ ಖಾಸಗಿ ಆಸ್ಪತ್ರೆಯ ಕಿಟಕಿಯಲ್ಲಿ ವಿನಯ ಎಂಬ ಹುಡುಗ ಕುಳಿತಿದ್ದ. ಸಂಜೆ ನಾಲ್ಕರ ಹೊತ್ತು, ಸರದಿ ಬಾಗಿಲಾಚೆಗೂ ಇತ್ತು. ಸಿದ್ದಪ್ಪ ಮೊದಲು ಕಾರ್ಡನ್ನೇ ಚಾಚಿದ.

“ತಮ್ಮಾ, ಇದನ್ನೊಮ್ಮೆ ನೋಡಪಾ. ಆಕಿಗೆ ಒಂದ ಸೂಜಿ ಆಗಿಬರೂದಿಲ್ಲ. ಡಾಕ್ಟರ್ ಬರದ ಕೊಟ್ಟಾರ.”

“ಕಾಗದ ಎಲ್ಲಾ ಬ್ಯಾಡ ಕಾಕಾ. ಈಗ ಎಲ್ಲಾ ಕಂಪ್ಯೂಟರ್‌ದಾಗ ಇರ್ತೈತಿ. ಆಧಾರ್ ಕೊಡ್ರಿ. ಮೊಬೈಲ್ ನಂಬರ್ ಹೇಳ್ರಿ.”

“ಮೊಬೈಲ್ ಮನ್ಯಾಗ ಉಳೀತು. ನಂಬರ್ ಬಾಯಿಪಾಠ ಇಲ್ಲ.”

“ಇರಲಿ ಬಿಡ್ರಿ, ನಾ ಏನರೆ ಹಾಕ್ತೀನಿ.”

ಚೀಟಿ ಬಂತು. ಗೌರವ್ವನನ್ನು ವಾರ್ಡಿಗೆ ಒಯ್ದರು. ಔಷಧಿ ತರಲು ಸಿದ್ದಪ್ಪನನ್ನು ಕೆಳಗಿನ ಅಂಗಡಿಗೆ ಕಳಿಸಿದರು. ಚೀಲ ಅವನ ಕಂಕುಳಲ್ಲೇ ಇತ್ತು. ಜ್ವರದ ಮಂಪರಿನಲ್ಲಿದ್ದ ಗೌರವ್ವನನ್ನು ನರ್ಸು ಎರಡು ಸಲ ಕೂಗಿ ಕೇಳಿದಳು, ಉತ್ತರ ಬರಲಿಲ್ಲ. ನರ್ಸು ಕಂಪ್ಯೂಟರು ನೋಡಿದಳು. ಅದರಲ್ಲಿ ‘ಅಲರ್ಜಿ: ಇಲ್ಲ’ ಎಂದಿತ್ತು. ಡಾಕ್ಟರೂ ಅದನ್ನೇ ನೋಡಿ ಔಷಧ ಬರೆದಿದ್ದರು. ನರ್ಸು ಸೂಜಿ ಹಾಕಿದಳು.

ಸಿದ್ದಪ್ಪ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಗೌರವ್ವನ ತುಟಿ ಉಬ್ಬಿ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿದ್ದವು. ಉಸಿರು ಸೀಟಿ ಹೊಡೆದಂತೆ ಹೊರಡುತ್ತಿತ್ತು. ಡಾಕ್ಟರು, ನರ್ಸುಗಳು ಓಡಾಡಿದರು. ತೀವ್ರ ನಿಗಾ ಘಟಕಕ್ಕೆ ಒಯ್ದರು. ಬಾಗಿಲು ಮುಚ್ಚಿತು. ಸಿದ್ದಪ್ಪ ಆ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಾಗಿಲ ಮುಂದೆ ನಿಂತ.

ಗೌರವ್ವ ಬದುಕಿದಳು. ಅದನ್ನು ಈಗಲೇ ಹೇಳಿಬಿಡುತ್ತೇನೆ. ಆದರೆ ಅವಳು ಬದುಕಿದಳು ಎಂದ ಮಾತ್ರಕ್ಕೆ ಈ ಕಥೆ ಮುಗಿಯುವುದಿಲ್ಲ.

ಮರುದಿನ ಬೆಳಿಗ್ಗೆ ಸಿದ್ದಪ್ಪ ಆಸ್ಪತ್ರೆಯ ಪಡಸಾಲೆಯಲ್ಲಿ ಕೂಗಾಡುತ್ತಿದ್ದ. ಕಾವಲುಗಾರರು ಅವನನ್ನು ಹೊರಗೆ ಕಳಿಸಲು ನೋಡುತ್ತಿದ್ದರು. ಆಗ ಸುಹಾಸಿನಿ ಬಂದಳು. ಹಿಂಡಲಗಾದಿಂದ ದಿನಾ ಸ್ಕೂಟರಿನಲ್ಲಿ ಬರುವ ಅವಳು ಆ ಆಸ್ಪತ್ರೆಯ ದಾಖಲೆ ವಿಭಾಗದ ಅಧಿಕಾರಿ. ರೋಗಿಗಳ ಮಾಹಿತಿ ಕಂಪ್ಯೂಟರಿನಲ್ಲಿ ಸರಿಯಾಗಿ ಇದೆಯೋ ಇಲ್ಲವೋ ನೋಡುವುದು ಅವಳ ಕೆಲಸ.

“ಅವರನ್ನ ಬಿಡ್ರಿ,” ಎಂದಳು ಕಾವಲುಗಾರರಿಗೆ. “ಕಾಕಾ, ಏನಾತು? ಕುಂದರ್ರಿ.”

“ಕುಂದರೂದಿಲ್ಲ! ನಿಮ್ಮ ಕಂಪ್ಯೂಟರ್ ನನ್ನ ಹೇಣ್ತಿನ್ನ ಕೊಲ್ಲತಿತ್ತು. ಕಾಗದ ತೋರಸೀನಿ, ಬ್ಯಾಡ ಅಂದ್ರಿ. ಇಷ್ಟ ಕೆಂಪಗ ಬರದೈತಿ, ನಿಮ್ಮ ಕಣ್ಣಿಗೆ ಕಾಣಲಿಲ್ಲೇನು?”

ಸುಹಾಸಿನಿ ಕಾರ್ಡು ಓದಿದಳು. ಇನ್ನೊಮ್ಮೆ ಓದಿದಳು. ಅವಳ ಮುಖ ಬಾಡಿತು.

“ಇದನ್ನ ತೋರಸಿದ್ರೇನು? ಕಿಟಕ್ಯಾಗ?”

“ಎಲ್ಲಾಕ್ಕಿಂತ ಮೊದಲ ಇದನ್ನ ತೋರಸೀನಿ.”

ಸುಹಾಸಿನಿ ತನ್ನ ಕೋಣೆಗೆ ಹೋಗಿ ಗೌರವ್ವನ ದಾಖಲೆ ತೆರೆದಳು. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಒಂದು ವ್ಯವಸ್ಥೆ ಇರುತ್ತದೆ: ಯಾರು, ಯಾವ ಹೊತ್ತಿಗೆ, ಏನು ಬರೆದರು, ಏನು ಅಳಿಸಿದರು ಎಂಬುದೆಲ್ಲ ಅದರೊಳಗೆ ಉಳಿಯುತ್ತದೆ. ಗೌರವ್ವನ ಪುಟ ತೆರೆದು ಮುಚ್ಚುವುದಕ್ಕೆ ಹಿಡಿದದ್ದು ನಲವತ್ತು ಸೆಕೆಂಡು. ವಯಸ್ಸು ನಲವತ್ತೈದು ಎಂದಿತ್ತು. ಊರು ಬರೇ ‘ಖಾನಾಪುರ’, ಓಣಿ ಇಲ್ಲ. ಅಲರ್ಜಿ: ಇಲ್ಲ.

ಅವಳಿಗೆ ಅನುಮಾನ ಬಂತು. ಆ ಕಿಟಕಿಯಲ್ಲಿ ಮೂರು ತಿಂಗಳಲ್ಲಿ ನೋಂದಣಿಯಾದವರ ಪಟ್ಟಿ ತೆಗೆದಳು. ಎರಡು ಸಾವಿರದ ಎಂಟುನೂರ ನಲವತ್ತಾರು ಜನ. ಅವರಲ್ಲಿ ಅಲರ್ಜಿ ‘ಹೌದು’ ಎಂದಿದ್ದವರು ಎಷ್ಟು? ಒಬ್ಬರೂ ಇಲ್ಲ. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದಳು. ಒಬ್ಬರೂ ಇರಲಿಲ್ಲ.

ಇನ್ನೊಂದು ವಿಷಯವೂ ಕಣ್ಣಿಗೆ ಬಿತ್ತು. ಮುನ್ನೂರ ಹನ್ನೆರಡು ಜನರ ಹೆಸರಿನ ಮುಂದೆ ಒಂದೇ ಮೊಬೈಲ್ ನಂಬರಿತ್ತು. ಕಾಕತಿಯ ಮುದುಕಿಗೂ ಅದೇ, ಖಾನಾಪುರದ ಬಾಣಂತಿಗೂ ಅದೇ, ಗೌರವ್ವನಿಗೂ ಅದೇ. ಸುಹಾಸಿನಿ ಆ ನಂಬರಿಗೆ ಫೋನ್ ಮಾಡಿದಳು. ಕೆಳಗಿನ ನೋಂದಣಿ ಕಿಟಕಿಯಲ್ಲಿ ವಿನಯನ ಜೇಬಿನಲ್ಲಿ ಫೋನು ರಿಂಗಾಯಿತು.

“ಹಲೋ?”

“ವಿನಯ, ನಾ ಸುಹಾಸಿನಿ. ಮ್ಯಾಲ ಬಾ. ಈಗಿಂದೀಗ ಬಾ.”

ಹುಡುಗ ಬಂದು ನಿಂತ. ಪಟ್ಟಿ ನೋಡಿದ. ಬೆವರಿದ.

“ಮೇಡಂ, ನಂಬರ್ ಹಾಕದಿದ್ರ ಮುಂದಿನ ಪುಟ ತೆರಿಯೂದಿಲ್ರಿ. ಹಳ್ಳಿ ಮಂದಿಗೆ ನಂಬರ್ ನೆನಪ ಇರೂದಿಲ್ಲ. ಅದಕ್ಕ ನನ್ನದ ಹಾಕೀನ್ರಿ.”

“ಅಲರ್ಜಿ? ಒಬ್ಬರನ್ನೂ ಕೇಳಿಲ್ಲೇನು ನೀ?”

“ಅಲ್ಲೆ ಮೊದಲ ‘ಇಲ್ಲ’ ಅಂತ ತಾನ ಬಂದಿರ್ತದ್ರಿ. ‘ಹೌದು’ ಒತ್ತಿದ್ರ ಇನ್ನೊಂದ ಪುಟ ತೆರೀತದ, ಏಳು ಪ್ರಶ್ನಿ. ಒಬ್ಬ ಪೇಷಂಟಿಗೆ ಎರಡು ನಿಮಿಷದ ಮ್ಯಾಲ ಆದ್ರ ನನ್ನ ಹೆಸರು ಗೋಡಿ ಮ್ಯಾಲಿನ ಟೀವ್ಯಾಗ ಕೆಂಪಾಗಿ ಬರ್ತದ. ಮೂರ ದಿನ ಕೆಂಪ ಬಂದ್ರ ಪಗಾರ ಕಟ್. ನಾ ಏನ ಮಾಡ್ಲಿರಿ?”

ಸುಹಾಸಿನಿಗೆ ಹುಡುಗನ ಮೇಲೆ ಸಿಟ್ಟು ಬಂತು. ತನ್ನ ಮೇಲೂ ಬಂತು. ಈ ಹೊಸ ವ್ಯವಸ್ಥೆ ಬಂದಾಗ, ‘ಇಲ್ಲ’ ಎಂಬುದು ತಾನಾಗಿಯೇ ಬರಬಾರದು, ಅದನ್ನು ತೆಗೆಯಿರಿ ಎಂದು ಅವಳು ಆಡಳಿತಕ್ಕೆ ಒಂದು ಪತ್ರ ಬರೆದಿದ್ದಳು. ಉತ್ತರ ಬರಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ.

ಪಟ್ಟಿ ಹಿಡಿದುಕೊಂಡು ಆಡಳಿತ ವ್ಯವಸ್ಥಾಪಕ ವಿಪುಲನ ಕೋಣೆಗೆ ಹೋದಳು. ಅವನಿಗೆ ಆಗಲೇ ಸುದ್ದಿ ಮುಟ್ಟಿತ್ತು. ಪಟ್ಟಿಯನ್ನು ಅವನು ನೋಡಲೇ ಇಲ್ಲ.

“ಚಲೋ ಆತು, ನೀವ ಬಂದ್ರಿ. ಆ ಗೌರವ್ವನ ಫೈಲ್‌ದಾಗ ಅಲರ್ಜಿ ‘ಹೌದು’ ಅಂತ ಮಾಡಿಬಿಡ್ರಿ. ನಿನ್ನಿ ತಾರೀಖಿಗೆ, ನಿನ್ನಿ ಟೈಮಿಗೆ. ಹಳೇದರ ಗುರುತೂ ತಗೀರಿ, ನಿಮಗ ಆ ಅಧಿಕಾರ ಐತಿ.”

“ನಿನ್ನಿ ತಾರೀಖಿಗೆ ಯಾಕ್ರಿ ಸರ್?”

“ಅವರು ನಾಳೆ ಪೇಪರ್, ಪೊಲೀಸ್ ಅಂತ ಹೋದ್ರ? ನಮ್ಮ ದಾಖಲೆ ಸ್ವಚ್ಛ ಇರಬೇಕಲ್ಲ.”

“ಹಂಗ ಮಾಡಿದ್ರ ಏನಾಗತೈತಿ ಗೊತ್ತೈತೇನ್ರಿ? ‘ಹೌದು’ ಅಂತ ಇದ್ರೂ ನರ್ಸ್ ಸೂಜಿ ಹಾಕಿದ್ಲು ಅಂತ ಆಗತೈತಿ. ಆ ಹುಡುಗಿ ಕೆಲಸನೂ ಹೋಗತೈತಿ, ಮ್ಯಾಲ ಕೇಸೂ ಬೀಳತೈತಿ. ತಪ್ಪು ಆಕೀದಲ್ಲ. ಆಕಿ ನಾವು ಬರದದ್ದನ್ನ ನಂಬ್ಯಾಳ.”

“ಸುಹಾಸಿನಿ ಅವರ, ನಿಮ್ಮ ಕೆಲಸದ ಬಗ್ಗೆ ವಿಚಾರ ಮಾಡ್ರಿ.”

“ನನ್ನ ಕೆಲಸನ ಇದು ಅಲ್ಲೇನ್ರಿ ಸರ್? ಇವತ್ತಿನ ತಾರೀಖು ಹಾಕಿ, ನನ್ನ ಹೆಸರು ಹಾಕಿ ತಿದ್ದತೀನಿ. ಹಳೇ ‘ಇಲ್ಲ’ ಇದ್ದಲ್ಲೇ ಇರ್ತೈತಿ. ಯಾರು ಬರದ್ರು, ಎಷ್ಟೊತ್ತಿಗೆ ಬರದ್ರು, ಎಲ್ಲಾ ಇರ್ತೈತಿ.”

ಪಟ್ಟಿ ಹಿಡಿದುಕೊಂಡೇ ಅವಳು ಹೊರಗೆ ಬಂದಳು. ಕೆಲಸ ಹೋಗಬಹುದು ಎಂದು ಅವಳಿಗೆ ಗೊತ್ತಿತ್ತು. ಆದರೆ ಒಬ್ಬ ಹೆಣ್ಣುಮಗಳ ಜೀವ ಬಾಯಿಗೆ ಬಂದಿರುವಾಗ ‘ಸ್ವಚ್ಛ’ ಎಂಬ ಮಾತು ಒಬ್ಬ ವ್ಯವಸ್ಥಾಪಕನ ಬಾಯಲ್ಲಿ ಬರುವುದೆಂದರೆ! ಆ ಸಿಟ್ಟಿನಲ್ಲಿ ಹೆದರಿಕೆ ನಿಲ್ಲಲಿಲ್ಲ.

ಮೂರನೆಯ ದಿನ ಗೌರವ್ವ ಎದ್ದು ಕುಳಿತಳು. ಗಂಜಿ ಕುಡಿದಳು. ಸುಹಾಸಿನಿ ಪುಸ್ತಕದಷ್ಟೇ ದೊಡ್ಡದಾದ ಒಂದು ಕಂಪ್ಯೂಟರ್ ಹಿಡಿದುಕೊಂಡು ಅವಳ ಮಂಚದ ಬಳಿ ಬಂದಳು. ಅದನ್ನು ಕಂಡದ್ದೇ ಸಿದ್ದಪ್ಪ ಅಡ್ಡ ನಿಂತ.

“ಮತ್ತ ಇದನ್ನ ತಂದ್ರೇನು? ಬ್ಯಾಡ ತಂಗಿ. ನಮ್ಮ ಹೆಸರು ಅದರಾಗಿಂದ ತಗದಬಿಡ್ರಿ. ನಮಗ ಆ ಕಾರ್ಡ್ ಸಾಕು.”

“ಕಾಕಾ, ನಿಮ್ಮ ಸಿಟ್ಟು ಖರೇ ಐತಿ. ಕಂಪ್ಯೂಟರ್‌ದಾಗ ಸುಳ್ಳು ಇತ್ತು. ಆದ್ರ ಅದು ತಾನ ಹೇಳಿದ ಸುಳ್ಳಲ್ಲ. ನಾವು ಕೇಳದ ಬರದದ್ದು. ಅದನ್ನ ತಿದ್ದಾಕ ಬಂದೀನಿ.”

“ಇವತ್ತ ತಿದ್ದತೀರಿ. ನಾಳೆ ಇನ್ನೊಬ್ಬ ಬಂದು ಮತ್ತೇನರೆ ಒತ್ತತಾನ. ಕಾಗದ ಹಂಗಲ್ಲ. ಕಾಗದ ನನ್ನ ಕೈಯಾಗ ಇರ್ತೈತಿ.”

ಮಂಚದ ಮೇಲಿಂದ ಗೌರವ್ವ ಬಾಯಿ ತೆರೆದಳು. ಗಂಟಲು ಇನ್ನೂ ಒಡೆದಿತ್ತು.

“ನಿಮ್ಮ ಕೈಯಾಗ ಇತ್ತರಿ. ನೀವು ಔಷಧ ತರಾಕ ಹೋದ್ರಿ, ಕಾಗದನೂ ನಿಮ್ಮ ಕೂಡ ಹೋತು. ನನಗ ಎಚ್ಚರ ಇರಲಿಲ್ಲ. ನಾಳೆ ಸಾಲ್ಯಾಗ ನನಗ ಏನರೆ ಆತು, ಯಾರೋ ಎತ್ತಿಕೊಂಡ ದವಾಖಾನಿಗೆ ಹಾಕಿದ್ರು ಅಂತ ಇಟಗೋರಿ. ನೀವೂ ಇಲ್ಲ, ಕಾರ್ಡೂ ಇಲ್ಲ. ಆವಾಗ ನನ್ನ ಪರವಾಗಿ ಯಾರು ಹೇಳವ್ರು?”

ಅಡ್ಡ ನಿಂತಿದ್ದ ಸಿದ್ದಪ್ಪ ಪಕ್ಕಕ್ಕೆ ಸರಿದ.

“ಯವ್ವಾ, ಅದರಾಗ ಏನ ಬರದೈತಿ ಎಲ್ಲಾ ಓದು. ಜೋರಾಗಿ ಓದು,” ಎಂದಳು ಗೌರವ್ವ ಸುಹಾಸಿನಿಗೆ.

ಸುಹಾಸಿನಿ ಓದಿದಳು. ವಯಸ್ಸು ತಪ್ಪು, ಗೌರವ್ವ ತಿದ್ದಿಸಿದಳು. ಓಣಿ ಹೇಳಿದಳು. ರಕ್ತದ ಗುಂಪು ಖಾಲಿ ಇತ್ತು, ಪರೀಕ್ಷೆಯ ಕಾಗದ ನೋಡಿ ತುಂಬಿಸಿದರು. ಸಿದ್ದಪ್ಪನ ಮೊಬೈಲ್ ನಂಬರನ್ನು ಗೌರವ್ವನ ಶಾಲೆಗೆ ಫೋನ್ ಮಾಡಿ ತಿಳಿದುಕೊಂಡು ಹಾಕಿದರು. ಕೆಂಪು ಶಾಯಿಯ ಕಾರ್ಡಿನ ಫೋಟೋ ತೆಗೆದು ಸೇರಿಸಿದರು. ಔಷಧದ ಹೆಸರನ್ನು ಅಕ್ಷರ ಅಕ್ಷರ ಹೊಂದಿಸಿ ನೋಡಿದರು. ಆಗ ಪುಟದ ಮೇಲೆ ಉದ್ದಕ್ಕೂ ಕೆಂಪು ಪಟ್ಟಿ ಬಂತು. ಯಾವ ವಾರ್ಡಿನಲ್ಲಿ, ಯಾವ ಡಾಕ್ಟರು ಗೌರವ್ವನ ಹೆಸರು ತೆರೆದರೂ ಮೊದಲು ಕಾಣುವುದು ಅದೇ.

ಸೂಜಿ ಹಾಕಿದ ನರ್ಸು ಅಲ್ಲೇ ನಿಂತಿದ್ದಳು. “ಅವತ್ತ ಇದು ಕಂಡಿದ್ರ ನಾ ಮುಟ್ಟತಿರಲಿಲ್ಲ ಅಜ್ಜಿ,” ಎಂದು ಅತ್ತಳು. ಗೌರವ್ವ ಅವಳ ಕೈ ಹಿಡಿದುಕೊಂಡಳು.

ಸಿದ್ದಪ್ಪ ಮಂಚದ ತುದಿಗೆ ಕುಳಿತ. “ಒಂದ ಮಾತ ಹೇಳ ತಂಗಿ. ಖಾನಾಪುರದ ಡಾಕ್ಟರ್ ಎರಡ ವರ್ಷದ ಹಿಂದ ಬರದದ್ದು ನಿಮಗ ಯಾಕ ಕಾಣಲಿಲ್ಲ?”

“ಎರಡೂ ಕಡೆ ದಾಖಲೆ ಬ್ಯಾರೆ ಬ್ಯಾರೆ ಅದಾವ ಕಾಕಾ. ಆಭಾ ಅಂತ ಸರಕಾರದ್ದು ಒಂದ ಆರೋಗ್ಯ ನಂಬರ್ ಐತಿ, ರೊಕ್ಕ ಇಲ್ಲದ ಮಾಡಿಸಬಹುದು. ಅದಕ್ಕ ಸೇರಿದ ಆಸ್ಪತ್ರಿಗಳಾಗ ಒಂದರ ಕಾಗದ ಇನ್ನೊಂದರಾಗ ನೋಡಾಕ ಬರತೈತಿ. ನೀವು ಒಪ್ಪಿದ್ರ ಅಷ್ಟ. ಮಾಡಿಸಬೇಕಂತ ಜುಲುಮಿ ಇಲ್ಲ. ಒಪ್ಪಿಗಿ ಕೇಳೂ ಓಟಿಪಿ ನಿಮ್ಮ ಫೋನಿಗೇ ಬರಬೇಕು. ಅದಕ್ಕ ನಂಬರ್ ನಿಮ್ಮದ ಇರಬೇಕು, ಕಿಟಕ್ಯಾಗ ಕುಂತವರದಲ್ಲ.”

“ಹಂಗಾರ ನಮ್ಮದು ಆ ಹುಡುಗನ ಫೋನಿಗೆ ಹೋಗತಿತ್ತು?”

“ಹೌದ್ರಿ. ನಿಮ್ಮದಷ್ಟ ಅಲ್ಲ, ಮುನ್ನೂರ ಹನ್ನೆರಡ ಮಂದೀದು.”

ಸಿದ್ದಪ್ಪ ಎದ್ದ. ಸಿಟ್ಟು ಹೋಗಿರಲಿಲ್ಲ, ಆದರೆ ಈಗ ಅದಕ್ಕೆ ಹಾದಿ ಸಿಕ್ಕಿತ್ತು. ವಿಪುಲನ ಕೋಣೆಗೆ ಹೋಗಿ ಒಂದು ಅರ್ಜಿ ಇಟ್ಟ. ಹೆಂಡತಿಯ ದಾಖಲೆಯ ಪ್ರತಿ ಬೇಕು. ಯಾರು ಯಾವಾಗ ಏನು ಬರೆದರು ಎಂಬುದೂ ಬೇಕು.

“ತಿಂಗಳ ಆಗತೈತಿ,” ಎಂದ ವಿಪುಲ.

“ಕೇಳಿದ ಮೂರ ದಿನದಾಗ ಕೊಡಬೇಕಂತ ನಿಯಮ ಐತಂತಲ್ಲ. ನಾ ಇಲ್ಲೇ ಕುಂದರತೀನಿ. ಭಟ್ಟಿ ಮುಂದ ಮೂವತ್ತ ವರ್ಷ ಕುಂತೀನಿ, ನಿಮ್ಮ ಬಾಗಲದಾಗ ಮೂರ ದಿನ ಕುಂದರಾಕ ಆಗೂದಿಲ್ಲೇನು?”

ಎರಡನೆಯ ದಿನ ಮಧ್ಯಾಹ್ನ ಕಾಗದ ಕೈಗೆ ಬಂತು. ಸಿದ್ದಪ್ಪ ಅದನ್ನು ಲಗತ್ತಿಸಿ ಜಿಲ್ಲಾ ಆರೋಗ್ಯ ಅಧಿಕಾರಿಗಳಿಗೆ ದೂರು ಕೊಟ್ಟ. ಗೋಡೆಯ ಟೀವಿಯ ಸಂಗತಿಯನ್ನು ಸುಹಾಸಿನಿ ಹೇಳಿದ್ದಳು, ಹಾಗಾಗಿ ದೂರಿನಲ್ಲಿ ಅವನು ವಿನಯನ ಹೆಸರು ಬರೆಸಲಿಲ್ಲ. “ಟೀವ್ಯಾಗ ಕೆಂಪ ಹೆಸರು ಬರಿಸಿದವರ ಹೆಸರು ಬರೀರಿ,” ಎಂದು ಅರ್ಜಿ ಬರೆಯುವವನಿಗೆ ಹೇಳಿದ.

ವಿಚಾರಣೆ ನಡೆಯಿತು. ದಾಖಲೆಯಲ್ಲಿ ಒಂದು ಅಕ್ಷರವೂ ಅಳಿಸಿರಲಿಲ್ಲವಾದ್ದರಿಂದ ಯಾರಿಗೂ ನರ್ಸಿನ ಕಡೆ ಬೆರಳು ತೋರಿಸಲಾಗಲಿಲ್ಲ. ವಿಪುಲನನ್ನು ಆ ಜಾಗದಿಂದ ತೆಗೆದರು. ಗೋಡೆಯ ಟೀವಿ ಇಳಿಯಿತು. ಇನ್ನೊಂದು ಕಿಟಕಿ ತೆರೆಯಿತು. ಅಲರ್ಜಿಯ ಮುಂದೆ ಈಗ ಮೂರು ಉತ್ತರಗಳಿವೆ: ಹೌದು, ಇಲ್ಲ, ಗೊತ್ತಿಲ್ಲ. ಕೇಳದೆ ಯಾವುದೂ ತಾನಾಗಿ ಬರುವುದಿಲ್ಲ. ಬರೆದದ್ದನ್ನು ಕನ್ನಡದಲ್ಲೋ ಮರಾಠಿಯಲ್ಲೋ ಓದಿ ಹೇಳಿದ ಮೇಲೆಯೇ ಚೀಟಿ ಕೊಡುತ್ತಾರೆ. ಇಷ್ಟು ಮಾಡುವುದಕ್ಕೆ ಒಬ್ಬ ಹೆಣ್ಣುಮಗಳು ಸಾವಿನ ಬಾಗಿಲಿಗೆ ಹೋಗಿ ಬರಬೇಕಾಗಿತ್ತೇ? ಸುಹಾಸಿನಿಯ ಆ ಮೊದಲ ಪತ್ರವನ್ನು ಯಾರಾದರೂ ಒಡೆದು ಓದಿದ್ದರೆ ಸಾಕಿತ್ತು.

ಆಮೇಲೆ ಸುಹಾಸಿನಿ ಮತ್ತು ವಿನಯ ಆ ಪಟ್ಟಿಯವರಿಗೆಲ್ಲ ಫೋನ್ ಮಾಡತೊಡಗಿದರು. “ನಿಮಗೆ ಯಾವುದಾದರೂ ಔಷಧ ಆಗಿಬರುವುದಿಲ್ಲವೇ?” ಇದೊಂದೇ ಪ್ರಶ್ನೆ. ಇಲ್ಲಿಯವರೆಗೆ ಅರವತ್ತೊಂದು ಜನ “ಹೌದು” ಎಂದಿದ್ದಾರೆ. ಅರವತ್ತೊಂದು ಜನ! ಆ ಅರವತ್ತೊಂದು ಹೆಸರಿನ ಮುಂದೆಯೂ ‘ಇಲ್ಲ’ ಎಂದೇ ಇತ್ತು.

ಮುನ್ನೂರ ಹನ್ನೆರಡು ಜನರಿಗೆ ಮಾತ್ರ ಫೋನ್ ಮಾಡಲಾಗಲಿಲ್ಲ. ವಿನಯ ತನಗೆ ತಾನೇ ಹೇಗೆ ಫೋನ್ ಮಾಡಿಯಾನು? ಅವರನ್ನು ಹುಡುಕಲು ಇಬ್ಬರೂ ಭಾನುವಾರಗಳಲ್ಲಿ ಊರೂರು ತಿರುಗುತ್ತಿದ್ದಾರೆ. ಖಾನಾಪುರದ ಸ್ವಸಹಾಯ ಸಂಘದ ಸಭೆಗೂ ಬಂದಿದ್ದರು. ಅಲ್ಲಿ ಶಿವಲಿಂಗವ್ವ ಎಂಬ ಅಜ್ಜಿ, “ಇದೆಲ್ಲಾ ಓದಿದವರ ಕೆಲಸ. ನಮಗೇನ ತಿಳೀತೈತ್ರಿ?” ಎಂದಳು.

ಉತ್ತರ ಕೊಟ್ಟವನು ಸಿದ್ದಪ್ಪ.

“ತಿಳಿಯೂದ ಬ್ಯಾಡ ಆಯೀ, ಕೇಳೂದ ಕಲೀರಿ. ‘ನನ್ನ ಬಗ್ಗೆ ಏನ ಬರದ್ರಿ, ಓದಿ ಹೇಳ್ರಿ’ ಅನ್ರಿ. ಓದೂತನಕ ಕಿಟಕಿ ಬಿಡಬ್ಯಾಡ್ರಿ. ಹಿಂದಿನವರು ಬೈದ್ರ ಬೈಲಿ. ನಾನೂ ಮೊದಲ ಕಂಪ್ಯೂಟರ್ ಬ್ಯಾಡಂತ ಜಗಳಾಡೀನಿ. ಈಗ ಮನಿ ಮಂದೀದೆಲ್ಲಾ ಓದಿಸಿ ತಿದ್ದಿಸೀನಿ.”

ಓದುಗರೇ, ಕೇಳುಗರೇ, ಆಸ್ಪತ್ರೆಗೆ ಹೋಗುವಾಗ ನಿಮ್ಮ ಸ್ವಂತ ಮೊಬೈಲ್ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಇಟ್ಟುಕೊಳ್ಳಿ. ಹಳೆಯ ಕಾಗದ ತೋರಿಸಿ. “ಬೇಡ” ಎಂದರೆ, ಬೇಡ ಎಂದವರ ಹೆಸರು ಕೇಳಿ. ಯಾವ ಔಷಧ ಆಗಿಬರುವುದಿಲ್ಲವೋ ಅದನ್ನು ಕಿಟಕಿಯಲ್ಲಿ ಹೇಳಿ, ವಾರ್ಡಿನಲ್ಲಿ ಹೇಳಿ, ಸೂಜಿ ಹಿಡಿದವರಿಗೆ ಮತ್ತೆ ಹೇಳಿ. ದಾಖಲೆಯ ಪ್ರತಿ ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು. ನಿಮ್ಮ ಓಟಿಪಿ ನಿಮ್ಮ ಫೋನಿಗೇ ಬರಲಿ.

ಆಸ್ಪತ್ರೆಗಳಲ್ಲಿ ಕಂಪ್ಯೂಟರಿನ ಮುಂದೆ ಕೂತವರೇ, ಅವರ ಮೇಲೆ ಗಡಿಯಾರ ಹಿಡಿದು ನಿಂತವರೇ, ನಿಮಗೂ ಒಂದು ಮಾತು. ನೀವು ತುಂಬುವ ಪ್ರತಿ ಖಾನೆಯ ಹಿಂದೆ ಒಂದು ಜೀವವಿದೆ. ಕೇಳಿ ಬರೆಯಿರಿ. ಗೊತ್ತಿಲ್ಲದಿದ್ದರೆ ‘ಗೊತ್ತಿಲ್ಲ’ ಎಂದು ಬರೆಯಿರಿ. ‘ಗೊತ್ತಿಲ್ಲ’ ಎಂದಿದ್ದರೆ ಡಾಕ್ಟರು ಕೇಳುತ್ತಾರೆ. ‘ಇಲ್ಲ’ ಎಂದಿದ್ದರೆ ಸೂಜಿ ಹಾಕುತ್ತಾರೆ.

ಆ ಮುನ್ನೂರ ಹನ್ನೆರಡು ಜನರಲ್ಲಿ ಇಂದಿಗೆ ಸಿಕ್ಕಿರುವವರು ನಲವತ್ತು. ಉಳಿದವರು ತಮ್ಮ ಹೆಸರಿನ ಮುಂದೆ ಏನು ಬರೆದಿದೆ ಎಂದು ತಿಳಿಯದೆ ಹೊಲಕ್ಕೆ, ಅಂಗಡಿಗೆ, ಕೂಲಿಗೆ ಹೋಗುತ್ತಿದ್ದಾರೆ. ನಿಮ್ಮ ಹೆಸರಿನ ಮುಂದೆ ಏನು ಬರೆದಿದೆ? ನಾಳೆಯೇ ಹೋಗಿ ಕೇಳಿ.